ಪಾತ್ರತ್ವ ವಿಮರ್ಶಿನಿ ಅಥವಾ ಚೊಂಬು ತಂಬಿಗೆ ಗಿಂಡಿಗಳ ಸಾಮಾನ್ಯ-ವಿಶೇಷ ಜಿಜ್ಞಾಸೆ

ಉದ್ದೇಶ ಪ್ರಕರಣ

ಶಾಸ್ತ್ರಗ್ರಂಥವನ್ನು ಆರಂಭಿಸತಕ್ಕವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲಿಗೇ ನಿರೂಪಿಸದೆ ಹೋದರೆ ವಿವೇಕಿಯಾದ ಓದುಗನು ಗ್ರಂಥದೊಳಕ್ಕೆ ಕಾಲಿಡುವುದಿಲ್ಲವೆಂಬುದು ಪೂರ್ವಾಚಾರ್ಯರ ಮತ. ಅದನ್ನು ಮೀರುವ ಧಾರ್ಷ್ಟ್ಯ ನಮಗಿಲ್ಲ. ಆದುದರಿಂದ ಮೊದಲೇ ಬಿನ್ನವಿಸಿಕೊಳ್ಳುವುದೇನೆಂದರೆ, ಈ ಪ್ರಬಂಧದ ವಿಷಯವು ಚೊಂಬು. ಇದರಿಂದ ದೊರೆಯತಕ್ಕ ಪ್ರಯೋಜನವೂ, ಲೋಕರೂಢಿಯಲ್ಲಿ ಆ ಮಾತಿಗೆ ಯಾವ ಅರ್ಥವುಂಟೋ ಆ ಅರ್ಥದಲ್ಲಿ, ಚೊಂಬೇ. ವಿಷಯಕ್ಕೂ ಗ್ರಂಥಕ್ಕೂ ಇರುವ ಸಂಬಂಧವು ಪ್ರತಿಪಾದ್ಯ-ಪ್ರತಿಪಾದಕ ಭಾವವೆಂದು ಹೇಳುವುದು ವಾಡಿಕೆಯಾದುದರಿಂದ ನಾವೂ ಹಾಗೆಯೇ ಹೇಳುತ್ತೇವೆ. ಇನ್ನು ಅಧಿಕಾರಿ, ಎಂದರೆ ಇದನ್ನು ಓದಲು ಅರ್ಹನಾದವನು, ತನ್ನ ಆಯುಷ್ಯದಲ್ಲಿ ಒಂದು ಸಲವೂ ಚೊಂಬನ್ನು ಸ್ವಹಸ್ತದಿಂದ ಬೆಳಗದೆ ಇರುವವನು.

ಈ ಜಿಜ್ಞಾಸೆಗೆ ನಿಮಿತ್ತವಾದದ್ದು ಒಂದು ವಿಚಾರಸಂಕಿರಣ. ಅದು ಎಲ್ಲಿ ನಡೆಯಿತು, ಯಾರು ನಡೆಸಿದರು ಎಂಬುದನ್ನು ಹೇಳುವುದು ಸೌಜನ್ಯವಲ್ಲ. ದಿನಬಳಕೆಯ ವಸ್ತುಗಳನ್ನು ಹೇಳುವ ಸಾಮಾನ್ಯಪದಗಳಿಗೂ ವಿಶೇಷಪದಗಳಿಗೂ ಇರುವ ಅರ್ಥಸಂಬಂಧವನ್ನು ಕುರಿತು ಅಲ್ಲಿ ಒಬ್ಬ ವಿದ್ವಾಂಸರು ಬೆಳಗಿನ ಉಪಾಹಾರದಿಂದ ಮಧ್ಯಾಹ್ನದ ಊಟದವರೆಗೆ ಮಾತನಾಡಿದರೆಂದಷ್ಟು ತಿಳಿದರೆ ಸಾಕು. ಗೋಡೆಯ ಮೇಲೆ ಒಂದು ಮರದ ಚಿತ್ರ ಮೂಡಿತ್ತು. ಬೇರು ಮೇಲಕ್ಕೆ, ಕೊಂಬೆ ಕೆಳಕ್ಕೆ. ಗೀತೆಯ ಅಶ್ವತ್ಥವೆಂದು ಭ್ರಮಿಸಿ ಹಿರಿಯರೊಬ್ಬರು ಕೈ ಮುಗಿದರು. ಬೇರಿನಲ್ಲಿ ‘ವಸ್ತು’, ಅದರ ಕೆಳಗೆ ‘ಉಪಕರಣ’, ಅದರ ಕೆಳಗೆ ‘ಗೃಹೋಪಕರಣ’, ಅದರ ಕೆಳಗೆ ‘ಪಾತ್ರೆ’, ಅದರ ಕೆಳಗೆ ‘ಜಲಪಾತ್ರೆ’, ಎಲೆಯ ತುದಿಯಲ್ಲಿ ತೊಟ್ಟಿಕ್ಕುವಂತೆ ‘ತಂಬಿಗೆ’. ಮೇಲಿನದು ಅಧಿವಾಚಕ, ಕೆಳಗಿನದು ಅಂತರ್ವಾಚಕ, ಪಕ್ಕದ ಕೊಂಬೆಯ ಚೊಂಬು ತಂಬಿಗೆಗೆ ಸಹಾಂತರ್ವಾಚಕ. ಹೀಗೆ ಮೂರು ಗಂಟೆ ಸಾಗಿದ ಮೇಲೆ ಫಲಿತವಾದ ಸಿದ್ಧಾಂತವೇನೆಂದರೆ, ತಂಬಿಗೆಯೆಲ್ಲವೂ ಪಾತ್ರೆ, ಆದರೆ ಪಾತ್ರೆಯೆಲ್ಲವೂ ತಂಬಿಗೆಯಲ್ಲ. ಸಭೆ ಕರತಾಡನ ಮಾಡಿತು. ತಂಬಿಗೆಯನ್ನೇ ಪಾತ್ರೆಯಲ್ಲವೆಂದು ಇದುವರೆಗೆ ತಿಳಿದಿದ್ದವರು ಆ ಸಭೆಯಲ್ಲಿ ಎಷ್ಟು ಮಂದಿ ಇದ್ದರೋ ನಾವು ಕಾಣೆವು.

ಇಂಥ ಘನವಾದ ವಿಷಯವನ್ನು ಮೂರೇ ಗಂಟೆಗಳಲ್ಲಿ ಮುಗಿಸಿದುದು ಅನ್ಯಾಯವೆಂದು ನಮಗೆ ತೋರಿದ್ದರಿಂದ ಈ ಗ್ರಂಥ ಹುಟ್ಟಿತು.

ಲಕ್ಷಣ ಪ್ರಕರಣ

ಪಾತ್ರೆಯೆಂದರೇನು? ಪಾರ್ಶ್ವಾವರಣಾವಚ್ಛಿನ್ನ-ಅಧಃಪಿಹಿತ-ಊರ್ಧ್ವವಿವೃತ-ಅವಕಾಶನಿಷ್ಠ-ಆಧೇಯತಾನಿರೂಪಿತ-ಅಧಿಕರಣತ್ವವೇ ಪಾತ್ರತ್ವ. ಈ ಸಮಾಸವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದವನಿಗೆ ಅರ್ಥದ ಅಪೇಕ್ಷೆ ಉಳಿಯುವುದಿಲ್ಲ. ಆದರೂ ಬಾಲಬೋಧೆಗಾಗಿ ಹೇಳುವುದಾದರೆ, ಸುತ್ತಲೂ ಗೋಡೆ, ಕೆಳಗೆ ತಳ, ಮೇಲೆ ಬಾಯಿ ಇದ್ದು ಒಳಗೆ ಏನನ್ನಾದರೂ ಹಾಕಿಡಬಹುದಾದದ್ದು ಪಾತ್ರೆ. ಲಕ್ಷಣಕ್ಕೆ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ತಗುಲಬಾರದೆಂದು ತಾರ್ಕಿಕರು ಕಟ್ಟುಮಾಡಿದ್ದಾರೆ. ಈ ಲಕ್ಷಣವು ಬಾವಿಗೆ ಅನ್ವಯಿಸುತ್ತದೆ. ಮಳೆಗಾಲದಲ್ಲಿ ರಸ್ತೆಯ ಗುಂಡಿಗೆ ಅನ್ವಯಿಸುತ್ತದೆ. ಸಂಕಿರಣದಲ್ಲಿ ಗೋಡೆಗೊರಗಿ ನಿದ್ರಿಸುವವನ ಬಾಯಿಗೂ ಅನ್ವಯಿಸುತ್ತದೆ. ಇದು ಅತಿವ್ಯಾಪ್ತಿ. ಇದನ್ನು ತಪ್ಪಿಸಲು ‘ಎತ್ತಿ ಬೇರೆಡೆ ಇಡಬಹುದಾದ’ ಎಂಬ ವಿಶೇಷಣವನ್ನು ಸೇರಿಸೋಣವೆಂದರೆ, ಬಚ್ಚಲುಮನೆಯ ಒಲೆಗೆ ಮಣ್ಣು ಮೆತ್ತಿ ಕೂರಿಸಿದ ಹಂಡೆ ಲಕ್ಷಣದಿಂದ ಜಾರಿಹೋಗುತ್ತದೆ. ಇದು ಅವ್ಯಾಪ್ತಿ. ಇನ್ನು ತೂತುಬಿದ್ದ ಚೊಂಬನ್ನು ಏನೆನ್ನಬೇಕು? ಅದರಲ್ಲಿ ಸ್ವರೂಪಯೋಗ್ಯತೆಯುಂಟು, ಫಲೋಪಧಾಯಕತೆಯಿಲ್ಲ. ಆ ಮಾತಿಗೆ ಬಂದರೆ ನಮ್ಮ ಅನೇಕ ಪರಿಭಾಷಾ ಸಮಿತಿಗಳ ಸದಸ್ಯರ ಸ್ಥಿತಿಯೂ ಅದೇ, ಅವರನ್ನು ಯಾರೂ ಸದಸ್ಯರಲ್ಲವೆನ್ನುವುದಿಲ್ಲ. ಆದುದರಿಂದ ತೂತು ಚೊಂಬೂ ಪಾತ್ರೆಯೇ ಎಂದು ನಿರ್ಣಯ.

ಆದರೆ ಈ ಲಕ್ಷಣವನ್ನು ನಿಜವಾಗಿ ಮುರಿಯುವುದು ತಾರ್ಕಿಕನ ಆಕ್ಷೇಪವಲ್ಲ, ಮನೆಯ ಒಂದು ಮಾತು. ‘ಪಾತ್ರೆ ತೊಳೆದಾಯಿತೆ?’ ಎಂದು ಒಳಗಿನಿಂದ ಕೇಳುತ್ತಾರಲ್ಲ, ಆ ವಾಕ್ಯದಲ್ಲಿರುವ ಪಾತ್ರೆ ಯಾವುದು? ಅದರಲ್ಲಿ ಸೌಟು ಉಂಟು, ಬಾಯಿಯಾಗಲಿ ಗೋಡೆಯಾಗಲಿ ಇಲ್ಲದ ದೋಸೆಯ ಕಾವಲಿಯುಂಟು, ಮೈಯೆಲ್ಲ ತೂತಾದ ಜಾಲರಿಯುಂಟು, ಲಟ್ಟಣಿಗೆಯುಂಟು, ಮುಚ್ಚಳವುಂಟು. ಆದರೆ ಅದೇ ಹೊತ್ತಿನಲ್ಲಿ ಗೂಡಿನಲ್ಲಿ ಬೆಳಗಿ ಬೋರಲು ಹಾಕಿದ ಹಿತ್ತಾಳೆಯ ಕೊಡ ಆ ವಾಕ್ಯದ ಪಾತ್ರೆಯಲ್ಲ. ಇಲ್ಲಿ ಪಾತ್ರತ್ವವನ್ನು ನಿರ್ಣಯಿಸುವುದು ಆಕೃತಿಯಲ್ಲ, ದ್ರವ್ಯವಲ್ಲ, ಅವಕಾಶವೂ ಅಲ್ಲ, ಮುಸುರೆ. ತಿಕ್ಕುವುದಕ್ಕೆ ಬಿದ್ದಿರುವುದೆಲ್ಲವೂ ಪಾತ್ರೆ, ತಿಕ್ಕಿ ಕವುಚಿದೊಡನೆ ಒಂದೊಂದೂ ತನ್ನ ತನ್ನ ಹೆಸರಿಗೆ ಹಿಂದಿರುಗಿ ಸೌಟು ಸೌಟಾಗುತ್ತದೆ, ಕಾವಲಿ ಕಾವಲಿಯಾಗುತ್ತದೆ. ಮುಸುರೆತ್ವಾವಚ್ಛಿನ್ನ ಪಾತ್ರತ್ವವೆಂಬ ಈ ತತ್ತ್ವವನ್ನು ಮಿಥಿಲೆಯ ಗಂಗೇಶೋಪಾಧ್ಯಾಯನು ತತ್ತ್ವಚಿಂತಾಮಣಿಯನ್ನು ಬರೆಯುವಾಗ ಗಮನಿಸಿರಲಾರನು. ಅವನ ಮನೆಯಲ್ಲಿ ಮುಸುರೆ ತಿಕ್ಕಿದವರು ಬೇರೆ ಯಾರೋ ಇದ್ದಿರಬೇಕು.

ವಿಭಾಗ ಪ್ರಕರಣ

ಪಾತ್ರೆಗಳು ಪಂಚವಿಧ: ಆಧೇಯಭೇದದಿಂದ, ಆಕೃತಿಭೇದದಿಂದ, ದ್ರವ್ಯಭೇದದಿಂದ, ಕ್ರಿಯಾಭೇದದಿಂದ, ದೇಶಭೇದದಿಂದ. ಇವುಗಳಲ್ಲಿ ಮೊದಲನೆಯದಾದ ಆಧೇಯಭೇದದಲ್ಲಿ ಜಲಾಧೇಯಗಳೆಂದರೆ ಕೊಡ, ಬಿಂದಿಗೆ, ಹಂಡೆ, ಕೊಪ್ಪರಿಗೆ, ಗುಡಾಣ, ಬಾನಿ, ತಂಬಿಗೆ, ಚೊಂಬು, ಗಿಂಡಿ ಮುಂತಾದುವು. ಧಾನ್ಯಾಧೇಯಗಳೆಂದರೆ ಪಾವು, ಸೇರು, ಬಳ್ಳ, ಕೊಳಗ. ಇಲ್ಲಿಯೇ ಒಂದು ತೊಡಕು. ಉದಯನಾಚಾರ್ಯನು ಹೇಳಿದ ಆರು ಜಾತಿಬಾಧಕಗಳಲ್ಲಿ ಸಂಕರವೆಂಬುದೊಂದು. ಎರಡು ಗುಂಪುಗಳು ಒಂದರೊಳಗೊಂದು ಅಡಕವಾಗದೆ ಅರ್ಧಂಬರ್ಧ ಬೆರೆತುಕೊಂಡರೆ ಅವುಗಳಿಗೆ ಜಾತಿಯೆಂಬ ಪದವಿ ದಕ್ಕುವುದಿಲ್ಲ. ಸೇರು ಪಾತ್ರೆಯೂ ಹೌದು, ಅಳತೆಯೂ ಹೌದು; ತಂಬಿಗೆ ಪಾತ್ರೆ ಮಾತ್ರ, ಖಂಡುಗ ಅಳತೆ ಮಾತ್ರ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂದು ಲೆಕ್ಕ ಹಾಕಿದ ನಮ್ಮ ಹಿರಿಯರು ಖಂಡುಗದಷ್ಟು ದೊಡ್ಡ ಪಾತ್ರೆಯನ್ನು ಮಾಡಿಸಿಕೊಂಡವರಲ್ಲ. ಈ ಜಾತಿಸಂಕರವನ್ನು ನೈಯಾಯಿಕರು ಬಗೆಹರಿಸಲಾರದೆ ಬಿಟ್ಟಿದ್ದನ್ನು 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಗೆಹರಿಸಿತು: ಮೆಟ್ರಿಕ್ ಪದ್ಧತಿ ಬಂದು ಸೇರು ಅಳತೆಯಾಗಿರುವುದನ್ನು ನಿಲ್ಲಿಸಿ ಪಾತ್ರೆ ಮಾತ್ರವಾಗಿ ಉಳಿಯಿತು. ಹೊಸ ಸೊಸೆ ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರನ್ನು ಒದ್ದು ಒಳಗೆ ಬರುವಾಗ ಅದರಲ್ಲಿ ಎಷ್ಟು ಗ್ರಾಂ ಇತ್ತೆಂದು ಕೇಳುವ ಇನ್‌ಸ್ಪೆಕ್ಟರು ಇನ್ನೂ ನೇಮಕವಾಗಿಲ್ಲ.

ದ್ವಿತೀಯ ತೃತೀಯ ಚತುರ್ಥ ಭೇದಗಳನ್ನು ಸ್ಥಳಾಭಾವದಿಂದ ಮುಂದಕ್ಕೆ ಹಾಕಿ, ಐದನೆಯದಾದ ದೇಶಭೇದಕ್ಕೆ ಬಂದರೆ, ಉಣ್ಣುವುದಕ್ಕೆ ಮೈಸೂರಿನ ಕಡೆಯವರಿಗೆ ತಟ್ಟೆ, ಧಾರವಾಡದ ಕಡೆಯವರಿಗೆ ಗಂಗಾಳ. ಬಟ್ಟಲೆಂದರೆ ಮೈಸೂರಿನಲ್ಲಿ ಪಾಯಸ ಕುಡಿಯುವ ಸಣ್ಣ ಕುಳಿ; ಅದೇ ಬಟ್ಟಲು ಘಟ್ಟವಿಳಿದು ಕುಂದಾಪುರವನ್ನು ಸೇರುವಷ್ಟರಲ್ಲಿ ಅಗಲವಾಗಿ, ಚಪ್ಪಟೆಯಾಗಿ, ಅನ್ನ ಬಡಿಸಿಕೊಳ್ಳುವ ತಟ್ಟೆಯಾಗಿಬಿಡುತ್ತದೆ. ಮರದ ಚಿತ್ರದಲ್ಲಿ ಒಂದು ಕೊಂಬೆಯ ಮೇಲಿದ್ದ ಎಲೆ ಇನ್ನೊಂದು ಕೊಂಬೆಗೆ ನೆಗೆದರೆ ಶಾಸ್ತ್ರಕಾರನು ಮಾಡುವುದೇನು? ವಿಭಾಗ ಪ್ರಕರಣವನ್ನು ಇಲ್ಲಿಗೇ ಕೈಬಿಟ್ಟಿದೆ.

ಸಾಮಾನ್ಯವನ್ನು ಹುಟ್ಟಿಸುವುದಕ್ಕೆ ಕನ್ನಡಿಗರಿಗೆ ವೈಶೇಷಿಕರ ಹಂಗು ಬೇಕಾಗಿಲ್ಲವೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಕಣಾದನ ಮತದಲ್ಲಿ ‘ಸಾಮಾನ್ಯ’ವು ಒಂದು ಪದಾರ್ಥ, ನಿತ್ಯ, ಏಕ, ಅನೇಕಗಳಲ್ಲಿ ಸಮವೇತ. ಅವನ ‘ವಿಶೇಷ’ವು ಪರಮಾಣು ಮೊದಲಾದ ನಿತ್ಯದ್ರವ್ಯಗಳಿಗೆ ಸಲ್ಲತಕ್ಕದ್ದೇ ಹೊರತು ಚೊಂಬಿಗಲ್ಲವೆಂದು ಯಾವನಾದರೂ ಪಂಡಿತನು ಆಕ್ಷೇಪಿಸಿಯಾನು, ಸರಿ, ಅವನಿಗೊಂದು ಶಾಲು. ಕನ್ನಡದ ಅಡುಗೆಮನೆಯಲ್ಲಿ ಸಾಮಾನ್ಯವು ಒಂದು ಅಕ್ಷರದಿಂದ ಉತ್ಪನ್ನವಾಗುತ್ತದೆ. ಚೊಂಬು-ಗಿಂಬು, ಹಂಡೆ-ಗಿಂಡೆ, ಸೌಟು-ಗೀಟು, ಚಾಪೆ-ಗೀಪೆ. ‘ಚೊಂಬು ಗಿಂಬು ಏನಾದರೂ ಇದ್ದರೆ ಕೊಡಿ’ ಎಂದವನಿಗೆ ಬೇಕಾದದ್ದು ನೀರು ಹಿಡಿಯುವ ಏನೋ ಒಂದು. ಲೋಟವಾದರೂ ಆದೀತು, ತೆಂಗಿನ ಕರಟವಾದರೂ ಆದೀತು. ಆದರೆ ಚೊಂಬೇ ಆ ಗುಂಪಿನ ಯಜಮಾನ. ಗಿಂಬು ಅವನ ಹಿಂದೆ ಬರುವ ಬಳಗ. ಶಾಸ್ತ್ರಕಾರನ ಸಾಮಾನ್ಯವು ಮೇಲಿನಿಂದ ಇಳಿದು ಬರುತ್ತದೆ, ಈ ಗಿಕಾರದ ಸಾಮಾನ್ಯವು ಕೈಯಲ್ಲಿರುವ ಒಂದು ವಸ್ತುವಿನಿಂದ ಹೊರಟು ಅದರ ನೆರೆಹೊರೆಯನ್ನು ಕೂಗಿ ಕರೆಯುತ್ತದೆ. ಗಿಂಡಿಯೊಂದಕ್ಕೆ ಮಾತ್ರ ಈ ಭಾಗ್ಯವಿಲ್ಲ. ಹುಟ್ಟಿನಿಂದಲೇ ಗಿಕಾರವನ್ನು ತಲೆಯಲ್ಲಿ ಹೊತ್ತಿರುವುದರಿಂದ ಅದಕ್ಕೆ ಗಿಕಾರ ಹತ್ತುವುದಿಲ್ಲ. ಉದಯನನ ಆರು ಜಾತಿಬಾಧಕಗಳಿಗೆ ಇದನ್ನು ಏಳನೆಯದಾಗಿ ಸೇರಿಸಬೇಕೆಂದು ವಿದ್ವಜ್ಜನರಲ್ಲಿ ಪ್ರಾರ್ಥನೆ.

ನಿಘಂಟುಕಾರರ ದಾರಿ ಬೇರೆ. ಶಾಲೆಯ ಮಕ್ಕಳ ಕೈನಿಘಂಟನ್ನು ಯಾವುದಾದರೂ ತೆರೆಯಿರಿ: ಗಿಂಡಿ, ಒಂದು ಬಗೆಯ ಪಾತ್ರೆ; ಕೊಪ್ಪರಿಗೆ, ಒಂದು ಬಗೆಯ ಪಾತ್ರೆ; ಬೋಗುಣಿ, ಒಂದು ಬಗೆಯ ಪಾತ್ರೆ. ಹೊನ್ನೆ ಒಂದು ಬಗೆಯ ಮರ, ಗೊರವಂಕ ಒಂದು ಬಗೆಯ ಹಕ್ಕಿ. ಇದಕ್ಕೆ ಏಕಪ್ರಕಾರವಾದವೆಂದು ನಾವು ನಾಮಕರಣ ಮಾಡಿದ್ದೇವೆ. ಈ ವಾದದ ಪ್ರಕಾರ ಲೋಕದಲ್ಲಿ ಪ್ರತಿಯೊಂದು ವಸ್ತುವೂ ಯಾವುದೋ ಒಂದರ ಒಂದು ಬಗೆ. ಯಾವ ಬಗೆಯೆಂದು ಕೇಳುವುದು ಅಧಿಕಪ್ರಸಂಗ. ಗಿಂಡಿಗೆ ಪಕ್ಕದಲ್ಲಿ ಒಂದು ಕೊಂಬಿರುತ್ತದೆ, ಅದರಿಂದ ನೀರು ಸಣ್ಣ ಧಾರೆಯಾಗಿ ಬೀಳುತ್ತದೆ, ಆದುದರಿಂದ ಕೈಕಾಲು ತೊಳೆಯುವಾಗ ನೀರು ಹಾಳಾಗುವುದಿಲ್ಲ, ಆಚಮನಕ್ಕೆ ಅನುಕೂಲ ಎಂದು ಬರೆಯುವುದಕ್ಕೆ ಎರಡು ಸಾಲು ಸಾಕಾಗಿತ್ತು. ಬಾಸೆಲ್ ಮಿಷನ್ನಿನ ಪಾದ್ರಿ ಕಿಟ್ಟೆಲರು ಮಂಗಳೂರಿನಲ್ಲಿ 1894ರಲ್ಲಿ ತಮ್ಮ ಮಹಾಕೋಶವನ್ನು ಹೊರತಂದಾಗ, ಜರ್ಮನಿಯಿಂದ ಬಂದ ಅವರು ನಮ್ಮ ಮಾತುಗಳನ್ನು ನಮ್ಮವರನ್ನೇ ಕೇಳಿ ಕೇಳಿ ಕೂಡಿಸಿದ್ದರು. ಈಗ ನಮ್ಮವರಿಗೆ ನಮ್ಮವರನ್ನು ಕೇಳುವುದು ಮರ್ಯಾದೆಗೆ ಕಡಿಮೆ.

ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗಿ ಗಡಿಗೆ ಮಾಡಿಕೊಡೆಂದು ಕೇಳುತ್ತಾನೆ, ಆದರೆ ಮಾತು ಬೇಕಾದವನು ಯಾವನೂ ವೈಯಾಕರಣನ ಮನೆಗೆ ಹೋಗಿ ಮಾತು ಮಾಡಿಕೊಡೆಂದು ಕೇಳುವುದಿಲ್ಲವೆಂದು ಪತಂಜಲಿ ಮಹರ್ಷಿಯು ಮಹಾಭಾಷ್ಯದ ಆರಂಭದಲ್ಲಿಯೇ ಹೇಳಿದ್ದಾನೆ. ಪಾಪ, ಅವನು ಪರಿಭಾಷಾ ಸಮಿತಿಗಳನ್ನು ಕಂಡವನಲ್ಲ. ಈಗ ಕುಂಬಾರನ ಮನೆಗೆ ಯಾರೂ ಹೋಗುವುದಿಲ್ಲ, ವೈಯಾಕರಣನ ಮನೆಯಲ್ಲಿ ಮಾತುಗಳ ಆವಿಗೆ ಹಗಲಿರುಳು ಉರಿಯುತ್ತಿದೆ. ತರ್ಕಶಾಸ್ತ್ರದವರಂತೂ ಘಟ, ಪಟ ಎಂದು ಶತಮಾನಗಟ್ಟಲೆ ಜಪಿಸಿದವರು. ಘಟಕ್ಕೆ ಕಾರಣಗಳಾವುವು ಎಂಬ ವಿಚಾರದಲ್ಲಿ ಮಣ್ಣನ್ನು ಒಪ್ಪಿದರು, ಕುಲಾಲನನ್ನೂ ದಂಡಚಕ್ರಗಳನ್ನೂ ಒಪ್ಪಿದರು. ಮಣ್ಣು ಹೊತ್ತು ತಂದ ಕತ್ತೆಯನ್ನು ಮಾತ್ರ ‘ಅನ್ಯಥಾಸಿದ್ಧ’ವೆಂದು ಹೊರದೂಡಿದರು. ಕುಂಬಾರನ ಅಪ್ಪನಿಗೂ ಅದೇ ಗತಿ. ಮಣ್ಣು ಬೇರೆ ರೀತಿಯಲ್ಲಿಯೂ ಬರಬಹುದಾದುದರಿಂದ ಕತ್ತೆ ಘಟಕ್ಕೆ ಕಾರಣವಲ್ಲವಂತೆ. ಈ ಅನ್ಯಥಾಸಿದ್ಧದ ಕತ್ತೆಯನ್ನು ಓದುಗರು ಮರೆಯಬಾರದು. ಮುಂದೆ ಅದರಿಂದ ಕೆಲಸವಿದೆ.

ಏಕೆಂದರೆ ಸಾಮಾನ್ಯ-ವಿಶೇಷ ಜಿಜ್ಞಾಸೆಯು ಸಂಕಿರಣದಲ್ಲಿ ಕರತಾಡನಕ್ಕೆ ಮುಗಿಯುತ್ತದೆ, ಬೀದಿಯಲ್ಲಿ ಹಾಗೆ ಮುಗಿಯುವುದಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಸಾಲಗಾರನ ಯಾವ ಯಾವ ಸೊತ್ತನ್ನು ಜಪ್ತಿ ಮಾಡಬಾರದೆಂದು ಪಟ್ಟಿ ಕೊಡುತ್ತದೆ. ದಯಾಳುವಾದ ಕಲಮು ಅದು. ಅವನ, ಅವನ ಹೆಂಡತಿ ಮಕ್ಕಳ ಅವಶ್ಯವಾದ ಉಡುಪು, ಅಡುಗೆಯ ಪಾತ್ರೆ, ಮಂಚ, ಹಾಸಿಗೆ; ಕಸುಬುದಾರನ ಹತಾರಗಳು; ಒಕ್ಕಲಿಗನ ಬೇಸಾಯದ ಸಲಕರಣೆ, ಜೀವನಕ್ಕೆ ಬೇಕಾದಷ್ಟು ದನ ಮತ್ತು ಬಿತ್ತನೆಯ ಬೀಜ. ಒಳ್ಳೆಯದು, ಅಮೀನನು ಬಾಗಿಲಿಗೆ ಬಂದಿದ್ದಾನೆಂದು ಇಟ್ಟುಕೊಳ್ಳೋಣ. ಅನ್ನ ಬೇಯುವ ತಪ್ಪಲೆ ಅಡುಗೆಯ ಪಾತ್ರೆ, ಇದರಲ್ಲಿ ವಿವಾದವಿಲ್ಲ. ನೀರು ತರುವ ಹಿತ್ತಾಳೆಯ ಬಿಂದಿಗೆ? ನೀರಿಲ್ಲದೆ ಅಡುಗೆಯಿಲ್ಲವಲ್ಲ ಎಂದರೆ, ನೀರು ಬೇರೆ ರೀತಿಯಲ್ಲಿಯೂ ಬರಬಹುದು. ಬಿಂದಿಗೆ ಅನ್ನಕ್ಕೆ ಅನ್ಯಥಾಸಿದ್ಧ, ಕುಂಬಾರನ ಕತ್ತೆಯ ಹಾಗೆ. ಉಣ್ಣುವ ತಟ್ಟೆ? ಉಣ್ಣುವುದು ಅಡುಗೆಯಲ್ಲ. ಬಚ್ಚಲುಮನೆಯ ತಾಮ್ರದ ಹಂಡೆ? ಅದರಲ್ಲಿ ಕಾಯುವುದು ಮೀಯುವ ನೀರು. ಒಲೆಗೆ ಮೆತ್ತಿರುವುದರಿಂದ ಅದು ಚರಸೊತ್ತೇ ಅಲ್ಲ, ಭೂಮಿಗೆ ಅಂಟಿದ ಸ್ಥಿರಸೊತ್ತೆಂದು ಯಾವನಾದರೂ ಬುದ್ಧಿವಂತ ವಕೀಲನು ವಾದಿಸಿಯಾನು. ಆದರೆ ಬುದ್ಧಿವಂತ ವಕೀಲನನ್ನು ಗೊತ್ತುಮಾಡಿಕೊಳ್ಳುವಷ್ಟು ಹಣವಿದ್ದ ಮನೆಗೆ ಅಮೀನನು ಬರುವುದಿಲ್ಲ.

ಇಲ್ಲಿ ನಗುವಂಥದ್ದು ಏನೂ ಇಲ್ಲ. ಆ ಹಂಡೆಯಲ್ಲಿ ಬಾಣಂತಿಗೆ ನೀರು ಕಾದಿದೆ, ಹುಟ್ಟಿದ ಕೂಸಿಗೆ ಎರೆದಿದ್ದಾರೆ, ಸತ್ತವರ ಕೊನೆಯ ಸ್ನಾನಕ್ಕೂ ಅದರದೇ ನೀರು. ಬಿಂದಿಗೆಯ ಕೊರಳ ಸುತ್ತ ಆ ಮನೆಯಾಕೆಯ ತೌರಿನವರು ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿಕೊಟ್ಟ ಹೆಸರುಂಟು. ವರ್ಷಗಟ್ಟಲೆ ಹುಣಸೆಹಣ್ಣು ತಾಗಿ ಸವೆದು ಹೆಸರಿನ ಮೊದಲಕ್ಷರ ಮಾತ್ರ ಬೆರಳಿಗೆ ಸಿಕ್ಕುತ್ತದೆ. ಗುಮಾಸ್ತನು ಯಾದಿಯಲ್ಲಿ ಬರೆದುಕೊಳ್ಳುವುದು: ‘ಹಿತ್ತಾಳೆ ಪಾತ್ರೆ, ನಗ 6.’ ಆ ಆರಕ್ಕೆ ಆರು ಹೆಸರುಗಳಿದ್ದವು. ಹೆಸರು ಹೇಳಿ ಒಂದನ್ನು ಕಸಿದುಕೊಳ್ಳುವುದು ಕಷ್ಟ. ‘ನಗ’ವನ್ನು ಕಸಿದುಕೊಳ್ಳುವುದು ಸುಲಭ. ಮೇಲಿನ ಕೊಂಬೆಯಲ್ಲಿ ಕುಳಿತ ಪದಗಳನ್ನು ಆಡುವವರು ಯಾರು, ಕೆಳಗಿನ ಎಲೆಗಳನ್ನು ಆಡುವವರು ಯಾರು ಎಂಬ ಪ್ರಶ್ನೆಯನ್ನು ಆ ಮರವನ್ನು ಬರೆದ ವಿದ್ವಾಂಸರು ಕೇಳಲಿಲ್ಲ. ಕೇಳಿದ್ದರೆ ಮೂರು ಗಂಟೆ ಸಾಲುತ್ತಿರಲಿಲ್ಲ.

ಸುಂಕದ ಶಾಸ್ತ್ರವು ಇನ್ನೂ ಪ್ರೌಢವಾದದ್ದು. 1988ರಿಂದ ಲೋಕದ ಸರಕುಗಳನ್ನೆಲ್ಲ ಅಧ್ಯಾಯ ಅಧ್ಯಾಯವಾಗಿ ವಿಂಗಡಿಸಿರುವ ಸಂಖ್ಯಾಪದ್ಧತಿಯೊಂದು ಜಾರಿಯಲ್ಲಿದೆ; ನಮ್ಮ ಸರಕು ಮತ್ತು ಸೇವಾ ತೆರಿಗೆಯೂ ಅದನ್ನೇ ಅವಲಂಬಿಸಿದೆ. ಅದರಲ್ಲಿ ತಂಬಿಗೆಯಿಲ್ಲ. ಸ್ಟೀಲಿನ ತಂಬಿಗೆ 73ನೆಯ ಅಧ್ಯಾಯದ 7323, ಹಿತ್ತಾಳೆಯದಾದರೆ, ತಾಮ್ರದ ಮಿಶ್ರಲೋಹವಾದುದರಿಂದ, 74ನೆಯ ಅಧ್ಯಾಯದ 7418, ಅಲ್ಯುಮಿನಿಯಮ್ಮಿನದು 7615, ಮಣ್ಣಿನ ಗಡಿಗೆ 69ರಲ್ಲಿ ದೂರದ ನೆಂಟ. ಆಕೃತಿ ಇಲ್ಲಿ ಲೆಕ್ಕಕ್ಕಿಲ್ಲ, ದ್ರವ್ಯವೇ ಪ್ರಧಾನ. ಪ್ರತಿಯೊಂದು ಅಧ್ಯಾಯದಲ್ಲಿಯೂ ತಿರುಗಿ ತಿರುಗಿ ಎದುರಾಗುವ ಮಾತು ‘ಇತರೆ’. ವೈಶೇಷಿಕರಿಗೆ ಪರಸಾಮಾನ್ಯವು ಸತ್ತೆ. ಸರ್ಕಾರಗಳಿಗೆ ಪರಸಾಮಾನ್ಯವು ಇತರೆ. 2001, 2011ರ ಜನಗಣತಿಗಳು ದುಡಿಯುವವರನ್ನು ನಾಲ್ಕು ಗುಂಪು ಮಾಡಿದುವು: ಸಾಗುವಳಿದಾರರು, ಕೃಷಿ ಕಾರ್ಮಿಕರು, ಗೃಹ ಕೈಗಾರಿಕೆಯವರು, ಇತರೆ ಕೆಲಸಗಾರರು. ಈ ನಾಲ್ಕನೆಯ ಕೋಣೆಯಲ್ಲಿ ಸರ್ಕಾರಿ ನೌಕರರು, ಅಧ್ಯಾಪಕರು, ಪುರೋಹಿತರು, ವ್ಯಾಪಾರಿಗಳು, ರಾಜಕಾರಣವನ್ನೇ ಕಸುಬು ಮಾಡಿಕೊಂಡವರು ಎಲ್ಲರೂ ಕೂಡಿದ್ದಾರೆ. ಅರ್ಥಶಾಸ್ತ್ರದಲ್ಲಿ, ಎಂದರೆ ಪದಗಳ ಅರ್ಥದ ಶಾಸ್ತ್ರದಲ್ಲಿ, ಮರ ಬರೆದ ನಮ್ಮ ವಿದ್ವಾಂಸರೂ ಅಲ್ಲಿಯೇ ಇದ್ದಾರೆ. ಅವರಿಗೆ ಅದರಿಂದ ನಷ್ಟವೇನಿಲ್ಲ. ಅವರ ಬಾಗಿಲಲ್ಲಿ ಅವರ ಪದವಿಗಳೆಲ್ಲ ಹಲಗೆಯ ಮೇಲೆ ಬರೆದಿವೆ. ಆದರೆ ಅದೇ ಕೋಣೆಯ ಮೂಲೆಯಲ್ಲಿ ಕಲಾಯಿಯವನೂ ಕುಳಿತಿರಬೇಕು.

ಕಲಾಯಿಯವನನ್ನು ಈಗಿನ ಮಕ್ಕಳು ಕಂಡಿರಲಾರರು. ಬೀದಿಯ ಕೊನೆಯಲ್ಲಿ ಒಂದು ಸಣ್ಣ ಕುಳಿ ತೋಡಿ, ತಿದಿ ಹೂಡಿ, ಇದ್ದಲು ಹೊತ್ತಿಸಿ ಕೂರುತ್ತಿದ್ದನು. ಪಾತ್ರೆಯನ್ನು ಇಕ್ಕಳದಿಂದ ಹಿಡಿದು ಕೆಂಡದ ಮೇಲೆ ತಿರುಗಿಸುತ್ತ, ಒಳಮೈಗೆ ನವಸಾಗರದ ಪುಡಿ ಎರಚಿದನೆಂದರೆ ಮೂಗು ಸುಡುವ ಬಿಳಿಯ ಹೊಗೆ ಏಳುತ್ತಿತ್ತು. ಆ ಹೊಗೆಯೊಳಗೆ ತವರದ ಕಡ್ಡಿಯನ್ನು ಒಮ್ಮೆ ಸೋಕಿಸಿ, ಹತ್ತಿಯ ಉಂಡೆಯಿಂದ ಒರೆಸಿದರೆ ಹಳದಿಯ ಹೊಟ್ಟೆಯೆಲ್ಲ ಕ್ಷಣದಲ್ಲಿ ಬೆಳ್ಳಗೆ. ಇದು ಅಲಂಕಾರವಲ್ಲ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಮಜ್ಜಿಗೆಯನ್ನೋ ಹುಣಸೆಯ ಸಾರನ್ನೋ ಬಿಟ್ಟರೆ ಕಿಲುಬು ಹತ್ತಿ ಉಂಡವರಿಗೆ ಹೊಟ್ಟೆ ಕೆಡುತ್ತದೆ. ಆದುದರಿಂದಲೇ ಹುಳಿಗೊಜ್ಜಿಗೆ ಕಲ್ಲುಮರಿಗೆ, ಉಪ್ಪಿಗೆ ಮರದ ಮರಿಗೆ, ಉಪ್ಪಿನಕಾಯಿಗೆ ಜಾಡಿ, ಮೊಸರಿಗೆ ಮಣ್ಣಿನ ಕುಡಿಕೆ. ಯಾವುದರೊಳಗೆ ಯಾವುದನ್ನು ಹಾಕಬೇಕು, ಯಾವುದನ್ನು ಹಾಕಕೂಡದು ಎಂಬ ತಿಳಿವಳಿಕೆ ಆ ಹೆಸರುಗಳಲ್ಲಿಯೇ ಕುಳಿತಿತ್ತು. ಹತ್ತು ವರ್ಷದ ಹುಡುಗಿಗೆ ‘ಮಜ್ಜಿಗೆಯನ್ನು ಪಾತ್ರೆಗೆ ಬಗ್ಗಿಸು’ ಎಂದು ಯಾವ ತಾಯಿಯೂ ಹೇಳುತ್ತಿರಲಿಲ್ಲ. ಹೇಳಿದ್ದರೆ ಅದು ಅಪಾಯ. ವಿಶೇಷಪದವೆಂಬುದು ಪಂಡಿತನ ಎಲೆಯಲ್ಲ, ಮನೆಯವರ ಆರೋಗ್ಯದ ಕಾವಲು.

ಸ್ಟೀಲು ಬಂದು ಈ ಕಾವಲನ್ನು ಮನೆಗೆ ಕಳಿಸಿತು. ಅದಕ್ಕೆ ಹುಳಿಯಾದರೂ ಒಂದೇ ಹಾಲಾದರೂ ಒಂದೇ. ಕಿಲುಬಿಲ್ಲ, ಕಲಾಯಿ ಬೇಡ. ಎಲ್ಲವನ್ನೂ ಸಮದೃಷ್ಟಿಯಿಂದ ಕಾಣುವ ಲೋಹಕ್ಕೆ ಒಂದೇ ಹೆಸರು ಸಾಕಾಯಿತು: ಪಾತ್ರೆ, ಮುಚ್ಚಳವಿದ್ದರೆ ಡಬ್ಬ. ಇದನ್ನು ಕುರಿತು ನಿಟ್ಟುಸಿರು ಬಿಡುವವರು ಬಹಳ ಮಂದಿ ಉಂಟು, ಅವರಲ್ಲಿ ಬಹುಪಾಲು ಗಂಡಸರು. ಮಾಗಿಯ ಚಳಿಯಲ್ಲಿ ಬಾವಿಕಟ್ಟೆಯ ಮೇಲೆ ಕುಳಿತು ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಿಡಿದು ಮನೆಯ ಹಿತ್ತಾಳೆಯನ್ನೆಲ್ಲ ಬೆಳಗಿ, ಬೆರಳ ಸಂದು ಬಿರಿದು, ಸಾರನ್ನ ಕಲಸುವಾಗ ಉರಿಯಿಂದ ಕಣ್ಣಲ್ಲಿ ನೀರು ತಂದುಕೊಂಡವರನ್ನು ಕೇಳಿದರೆ ಸ್ಟೀಲಿಗೆ ಅವರು ಗುಡಿ ಕಟ್ಟಿಸಿಯಾರು. ಮಾತು ಉಳಿಯಲೆಂದು ಅವರ ಬೆರಳು ಬಿರಿಯಬೇಕೆಂದು ಹೇಳುವ ಭಾಷಾಭಿಮಾನ ನಮಗೆ ಬೇಡ. ಹೋದದ್ದು ಕೆಲಸ, ಅದರ ಸಂಗಡ ಮಾತು ಹೋಯಿತು. ಇದು ನ್ಯಾಯವೇ. ನಮಗೆ ಹೊಟ್ಟೆಯುರಿ ಬೇರೆ ಕಡೆ: ಕೆಲಸ ಮಾಡಿದವರಿಂದ ಮಾತು ಹೋದ ಮೇಲೆ ಅದು ಎಂದೂ ಕೆಲಸ ಮಾಡದವರ ಕೈಗೆ ಸಿಕ್ಕಿ, ಅವರು ಅದಕ್ಕೆ ಅಂತರ್ವಾಚಕವೆಂದು ಹೆಸರಿಟ್ಟು, ಅದರಿಂದ ಬಡ್ತಿ ಪಡೆಯುತ್ತಾರೆ, ಕಲಾಯಿಯವನಿಗೆ ಸಿಕ್ಕಿದ್ದು ಇತರೆ.

ಇನ್ನು ಉಳಿದದ್ದು ಆ ಹಿತ್ತಾಳೆಯ ಗತಿ. ಮನೆ ಖಾಲಿ ಮಾಡುವಾಗ, ಅಣ್ಣತಮ್ಮಂದಿರು ಪಾಲಾಗುವಾಗ, ಮಹಡಿಯ ಫ್ಲಾಟಿನಲ್ಲಿ ಅಟ್ಟವಿಲ್ಲವೆಂದು ಗೊತ್ತಾದಾಗ ಅದು ಗೋಣಿಚೀಲದಲ್ಲಿ ಹಳೆ ಸಾಮಾನಿನ ಅಂಗಡಿಗೆ ಬರುತ್ತದೆ. ಸಾಮಾನ್ಯವೆಂಬ ಸಂಸ್ಕೃತಪದವೇ ಸವೆದು ಸಾಮಾನು ಆಯಿತೆಂದು ಹೇಳಿಬಿಟ್ಟರೆ ಈ ಗ್ರಂಥಕ್ಕೆ ಒಂದು ಡಾಕ್ಟರೇಟು ದೊರೆಯಬಹುದಾಗಿತ್ತು. ಆದರೆ ಸಾಮಾನು ಪಾರಸಿಯಿಂದ ಬಂದದ್ದು, ಸುಳ್ಳು ಹೇಳುವುದಕ್ಕೆ ಮನಸ್ಸಾಗಲಿಲ್ಲ. ನಾವು ಕಂಡ ಅಂಗಡಿಯವನು ಚೀಲದಿಂದ ಒಂದೊಂದನ್ನೇ ಎತ್ತಿ, ಬೆರಳಿನ ಗೆಣ್ಣಿನಿಂದ ಅದರ ಅಂಚಿಗೆ ಒಂದು ಪೆಟ್ಟು ಕೊಟ್ಟು, ಕಿವಿಯ ಹತ್ತಿರ ಹಿಡಿಯುತ್ತಿದ್ದನು. ಸದ್ದು ಬೇಗ ಸತ್ತರೆ ಹಿತ್ತಾಳೆ, ನಿಂತು ಮೊಳಗಿದರೆ ಕಂಚು. ಕಂಚಿಗೆ ದರ ಹೆಚ್ಚು. ಇಷ್ಟು ಸೂಕ್ಷ್ಮವಾದ ಪರೀಕ್ಷೆಯನ್ನು ನಾವು ಸಂಕಿರಣದಲ್ಲಿ ಕಂಡಿರಲಿಲ್ಲವಾದುದರಿಂದ ಭಕ್ತಿಯಿಂದ ನಿಂತು ನೋಡಿದೆವು. ಗಿಂಡಿಯ ಸರದಿ ಬಂತು. ಬಡಿದು ನೋಡಿ, ಹಿತ್ತಾಳೆ, ಎಂದನು. ಇದಕ್ಕೆ ಏನೆನ್ನುತ್ತಾರೆ ಗೊತ್ತೇನಪ್ಪ ಎಂದು ಕೇಳಿದೆವು. ‘ಹೆಸರು ಕಟ್ಟಿಕೊಂಡು ಏನು ಮಾಡಬೇಕು ಸ್ವಾಮಿ, ತೂಕಕ್ಕೆ ಬಂದದ್ದು’ ಎಂದು, ಚೀಲದಲ್ಲಿ ಕೂರಲಿಯೆಂದು ಸುತ್ತಿಗೆಯಿಂದ ಅದರ ಕೊಂಬನ್ನು ಮಗ್ಗುಲಿಗೆ ಬಡಿದು ಮಡಿಸಿದನು. 7418 ಆಗಿದ್ದದ್ದು ನಮ್ಮ ಕಣ್ಣೆದುರಿಗೇ ತಾಮ್ರದ ಗುಜರಿಯಾಗಿ, 7404 ಎಂಬ ಜನ್ಮಾಂತರವನ್ನು ಪಡೆಯಿತು. ಅಧ್ಯಾಯ ಮಾತ್ರ ಬದಲಾಗಲಿಲ್ಲ. ತಕ್ಕಡಿಯ ಮೇಲೆ ಎಲ್ಲವನ್ನೂ ಒಟ್ಟಿಗೆ ಹಾಕಿ, ಮುಳ್ಳು ನಿಂತ ಮೇಲೆ, ಗಿಂಡಿಯ ಕೊಂಬಿನೊಳಗೆ ಕಿಲುಬು ಕಟ್ಟಿದೆಯೆಂದು ಐವತ್ತು ಗ್ರಾಂ ವಜಾ ಮಾಡಿ ದುಡ್ಡು ಎಣಿಸಿಕೊಟ್ಟನು.